ಜರ್ಮನ್ ಲೆನ್ಸಿನ ಪರೀಕ್ಷೆ

ಗೆಳೆಯರೇ, ಗೋಕಾಕದ ಈ ಮಹಾನ್ ಫೋಟೋಗ್ರಾಫರನ ಮರ್ಯಾದೆ ಇವತ್ತು ಹೋಯಿತು.

ಲೆನ್ಸ್ ಕೊಡಿಸಲು ಸಂಕೇಶ್ವರದ ಕಾಕಾ ಒಪ್ಪಿದ್ದರು. ಜರ್ಮನಿಯದು ಇನ್ನೂರು ರೂಪಾಯಿ, ಇಂಗ್ಲೆಂಡಿನದು ಎಂಬತ್ತು.

"ಅಷ್ಟ್ಯಾಕ ಹೆಚ್ಚು ಕೊಡಬೇಕೋ?"

"ಫರಕ ನೀವ ನೋಡ್ರಿ ಕಾಕಾ" ಎಂದು ಅಂಗಡಿಯಿಂದ ಎರಡನ್ನೂ ಕೇಳಿ ತಂದೆ. ಫಾಲ್ಸಿನ ಎದುರು ಅವರನ್ನು ನಿಲ್ಲಿಸಿ ಎರಡರಲ್ಲೂ ಫೋಟೋ ತೆಗೆದೆ.

ನನ್ನ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಕಿಂಡಿಯಲ್ಲಿ ಕಾಕಾ ಚೆನ್ನಾಗಿಯೇ ಕಂಡರು. ನೀರ ಹನಿ ಬೀಳದಿರಲೆಂದು ಲೆನ್ಸಿಗೆ ನಾನೇ ಹಾಕಿದ್ದ ಮುಚ್ಚಳವನ್ನು ಎರಡು ಸಲವೂ ತೆಗೆದಿರಲಿಲ್ಲ ಎಂದು ಗೊತ್ತಾದದ್ದು ರೀಲು ತೊಳೆದ ಮೇಲೆ.

ಕಾಕಾ ಖಾಲಿ ರೀಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎರಡೂ ಒಂದ ಥರಾ ಅದಾವಲ್ಲೋ. ಹಂಗಾರ ಎಂಬತ್ತರದ್ದ ತಗೋ."

ಇಷ್ಟು ನಿಷ್ಪಕ್ಷಪಾತವಾದ ಪರೀಕ್ಷೆಯನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.