ಅತ್ತೆಯ ಹೋಲಿಕೆ

ನನ್ನ ಮೂಗು, ಹಣೆ, ನಡಿಗೆ ಎಲ್ಲ ಅತ್ತೆಯದೇ, ಅಂದರೆ ಅಪ್ಪನ ತಂಗಿಯದು. ಆಕೆ ಮದುವೆಯಾಗದೆ ತುರುವೇಕೆರೆಯ ನಮ್ಮ ನಡುಮನೆಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಹತ್ತನೇ ಕ್ಲಾಸಿನಲ್ಲಿ ನನಗೂ ಊಟ ಸೇರದೆ, ನಿದ್ದೆ ಬಾರದೆ, ಮಾತು ನಿಂತಾಗ ನೆಂಟರು ಒಂದೇ ರಾಗ ತೆಗೆದರು: "ವಂಶದಲ್ಲೇ ಐತೆ ಕಣಪ್ಪ, ಏನ್ ಮಾಡಕ್ಕಾಯ್ತದೆ." ಅಪ್ಪನ ಬೆಲ್ಟಿನ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತೆ.

ಹೊನ್ನವಳ್ಳಿಯಿಂದ ಅಮ್ಮನ ತಾಯಿ ಬಂದರು. ನನ್ನ ಬೆನ್ನು ನೋಡಿದರು. ಬಟ್ಟೆ ಗಂಟು ಕಟ್ಟಿ ನನ್ನನ್ನು ಬಸ್ಸು ಹತ್ತಿಸಿದರು.

ಅಜ್ಜಿ ಮನೆಯ ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ವರ್ಷ ಹತ್ತಿರ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಡುತ್ತೆ. ಪೆಟ್ಟು ಬಿದ್ದ ಕಾಯಿ ಕೊಳೆಯುತ್ತೆ, ಅದಕ್ಕೇ ಅಟ್ಟಕ್ಕೆ ಎಸೆಯುವ ಹಾಗಿಲ್ಲ, ಕೈಯಿಂದ ಕೈಗೆ ಕೊಡಬೇಕು. ಒಂದು ಕಾಯಿ ಕೊಳೆತು ನಾರಿದಾಗ ಮಾವ, "ಬೇಲಿ ಮರದ್ದು, ಅದರ ಜಾತಿನೇ ಹಂಗೆ" ಅಂದರು.

"ಆ ಮರದ ಕಾಯಿಗೆ ಸಿಪ್ಪೆ ತೆಳು, ನಿಜ. ಎಸೆದೋನು ನೀನು ಕಣ್ಲಾ" ಅಂದ ಅಜ್ಜಿ, ಅದೇ ಮರದ ಇನ್ನೊಂದು ಕಾಯಿಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಗಡಗಡ ಅಂತು.

ಅಪ್ಪ ನನ್ನನ್ನು ವಾಪಸ್ ಕರೆದೊಯ್ಯಲು ಬಂದರು. ಮೊದಲು ತಿಪಟೂರಿನ ಡಾಕ್ಟರಿಗೆ ತೋರಿಸಲೇಬೇಕು ಅಂತ ಅಜ್ಜಿ ಹಟ ಹಿಡಿದರು.

"ಮನೇಲಿ ಬೇರೆ ಯಾರಿಗಾದ್ರೂ ಹಿಂಗಿದೆಯಾ?" ಡಾಕ್ಟರು ಕೇಳಿದರು.

"ನನ್ನ ತಂಗಿಗಿದೆ ಸಾರ್" ಅಂದರು ಅಪ್ಪ, ತಟ್ಟನೆ.

"ಅದೊಂದೇ ಯಾಕೆ ಅಳಿಯಂದಿರೇ? ಬೆಲ್ಟಿನ ಸಂಗತೀನೂ ಹೇಳ್ರೀ" ಅಂದರು ಅಜ್ಜಿ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಎರಡೂ ಸೇರಿದ್ರೆ ಮಕ್ಕಳು ತಡ್ಕೊಳ್ಳೋದು ಕಷ್ಟ. ರಕ್ತದಲ್ಲಿ ಬಂದಿದ್ದನ್ನ ನಾನು ಬದಲಾಯಿಸಕ್ಕಾಗಲ್ಲ. ಹೊಡೆಯೋದನ್ನ ನೀವು ನಿಲ್ಲಿಸಬಹುದಲ್ಲ? ಸದ್ಯಕ್ಕೆ ಅಜ್ಜಿ ಮನೇಲೇ ಇರ್ಲಿ." ಅಪ್ಪ ಒಬ್ಬರೇ ಊರಿಗೆ ಹೋದರು.

ಮೆಲ್ಲಗೆ ನಿದ್ದೆ ಬಂತು, ಹಸಿವೂ ಬಂತು. ಮುದ್ದೆಗೆ ಇನ್ನಷ್ಟು ಬಸ್ಸಾರು ಬಡಿಸಿಕೊಂಡ ದಿನ ಧೈರ್ಯ ಮಾಡಿ ಕೇಳಿದೆ: "ಅಜ್ಜಿ, ನಾನೂ ಅತ್ತೆ ಥರ ಆಗ್ತೀನಾ?"

"ನಿಮ್ಮತ್ತೇನ ಅವರಪ್ಪ ಹಗ್ಗದಲ್ಲಿ ಬಾರಿಸೋನು ಕಣೇ. ಅವಳನ್ನ ಕರ್ಕೊಂಡು ಹೋಗೋಕೆ ಯಾರೂ ಬರ್ಲಿಲ್ಲ."

ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿದೆ. "ನಾವು ಹೋಗಿ ಕರ್ಕೊಂಡು ಬರಾಣ" ಅಂದೆ.

ಹೊನ್ನವಳ್ಳಿಗೆ ಬಂದ ಹೊಸದರಲ್ಲಿ ಅತ್ತೆ ಇಲ್ಲೂ ಒಂದು ಗೋಡೆ ಹುಡುಕಿಕೊಂಡು ಕೂತಳು. ಹೊಸ ಕಾಯಿ ಅಟ್ಟಕ್ಕೆ ಏರಿಸುವ ದಿನ ನಾನು ಏಣಿಯ ಮೇಲಿದ್ದೆ. ಕೈ ಚಾಚಿದೆ. ಅತ್ತೆ ಎದ್ದು ಬಂದು, ಒಂದು ಕಾಯಿಯನ್ನು ಎರಡೂ ಕೈಲಿ ಎತ್ತಿ ಕೊಟ್ಟಳು.