ಮದುವೆ ಮನೆಯ ಕಸ

ಗಂಗೊಳ್ಳಿಯಿಂದ ಮೀನು ತಂದು, ಬುಟ್ಟಿ ಹೊತ್ತು ಬಸ್ರೂರಿನ ಮನೆಮನೆ ತಿರುಗಿದವಳು ನಾನು. ಆಗ ನನ್ನ ಮೈ ನಾತಕ್ಕೆ ಯಾರೂ ಮೂಗು ಮುಚ್ಚಲಿಲ್ಲ. ಬಂಗುಡೆ ತಾಜಾ ಇದ್ದರಾಯಿತು. ಮಂಡಿನೋವು ಬಂದು ಬುಟ್ಟಿ ಕೆಳಗಿಟ್ಟ ಹೊತ್ತಿಗೆ ಪಂಚಾಯಿತಿಗೆ ಕಸದ ಗಾಡಿ ಬಂತು. ಸ್ವಸಹಾಯ ಸಂಘದ ಹೆಂಗಸರಿಗೆ ಡ್ರೈವಿಂಗ್ ಕಲಿಸಿದರು, ಕೊನೆಗೆ ಲೈಸೆನ್ಸ್ ಸಿಕ್ಕಿದ್ದು ನನಗೊಬ್ಬಳಿಗೆ. ಗಾಡಿಗೆ ಹೂಮಾಲೆ, ನನಗೆ ಶಾಲು, ಭಾಷಣವೋ ಭಾಷಣ. ಶಾಲು ಹೊದೆಸಿದವರ ಮನೆಯಿಂದಲೇ ಮರುವಾರ ಹಸಿ ಕಸ, ಒಣ ಕಸ, ಮಗುವಿನ ಡೈಪರ್ ಎಲ್ಲ ಒಂದೇ ಚೀಲದಲ್ಲಿ ಬಂತು. ಮೊದಮೊದಲು ಶೆಡ್ಡಿನಲ್ಲಿ ಕೂತು ನಾವೇ ಬಿಡಿಸಿದೆವು. ಎಷ್ಟು ದಿನ? ಆಮೇಲೆ ಬೇರೆ ಮಾಡದ ಕಸವನ್ನು ಗೇಟಿನಲ್ಲೇ ಬಿಟ್ಟು ಬರಲು ಕಲಿತೆ. ಈಗ ಸುತ್ತಲಿನ ಪಂಚಾಯಿತಿಗಳ ಒಣ ಕಸವೆಲ್ಲ ದೊಡ್ಡ ಘಟಕಕ್ಕೆ ಹೋಗುತ್ತದೆ, ಅಲ್ಲಿ ಯಂತ್ರ ಬಂದಿದೆ. ಜನರ ಬುದ್ಧಿ ಮಾತ್ರ ಇದ್ದಲ್ಲೇ ಇದೆ.

ಕಳೆದ ವರ್ಷ ಅಣ್ಣನ ಮಗಳಿಗೆ ಬ್ರಹ್ಮಾವರದ ಕಡೆ ಗಂಡು ಗೊತ್ತಾಯಿತು. ಆ ಹುಡುಗಿಯನ್ನು ಕೂಸಾಗಿದ್ದಾಗ ಮೀಯಿಸಿ, ಎತ್ತಿ ಆಡಿಸಿದವಳು ನಾನು. ನನಗೆ ಮಕ್ಕಳಿಲ್ಲ, ಅತ್ತೆ ಎಂದು ಬಾಯ್ತುಂಬ ಕರೆಯುವವಳು ಅವಳೊಬ್ಬಳೇ. ಮನೆಗೆ ಬಂದು ಕರೆದು ಹೇಳಿಕೆ ಮಾಡದಿದ್ದರೆ ಮದುವೆಗೆ ಹೋಗುವ ಕ್ರಮ ನಮ್ಮಲ್ಲಿಲ್ಲ, ಒಡಹುಟ್ಟಿದವರದಾದರೂ. ಅಣ್ಣ ಬಂದ, ಹೇಳಿಕೆ ಮಾಡಿದ, ಚಾ ಕುಡಿದ. ಎದ್ದು ನಿಂತ ಮೇಲೆ ಬಾಯಿಬಿಟ್ಟ:

"ಗಂಡಿನ್ ಕಡೆಯವ್ರ ಹತ್ರ ನಿನ್ ಕೆಲ್ಸದ್ ಸುದ್ದಿ ಹೇಳುಕಾಗ."

ಹುಡುಗಿಗಾಗಿ ಸಿಟ್ಟು ನುಂಗಿಕೊಂಡೆ. ಬಾಯಿಗೆ ಬೀಗ ಹಾಕಿ, ಮದುವೆ ಹಾಲ್‌ನ ಮೂಲೆಯಲ್ಲಿ ಕೂತು ಉಂಡು ಬಂದೆ.

ಮೂರನೇ ದಿನ ಅಣ್ಣನ ಮನೆಯಲ್ಲಿ ಅಳಿಯನ ಕಡೆಯವರಿಗೆ ಮೀನೂಟ. ಆ ಕೇರಿಗೆ ಗಾಡಿ ಹೋಗುವ ದಿನವೂ ಅದೇ. ಬೇರೆ ಯಾರನ್ನಾದರೂ ಕಳಿಸು ಎಂದು ಅಣ್ಣ ಫೋನು ಮಾಡಿದ. ಲೈಸೆನ್ಸ್ ಇರುವುದು ನನಗೊಬ್ಬಳಿಗೆ. ಯಾರನ್ನು ಕಳಿಸಲಿ, ನಮ್ಮಜ್ಜನನ್ನಾ? ನಾನೇ ಹೋದೆ.

ಗೇಟಿನ ಹತ್ತಿರ ಹಾರ್ನ್ ಹೊಡೆದೆ. ಹುಡುಗಿಯೇ ಎರಡು ಗೋಣಿ ಎಳೆದುಕೊಂಡು ಬಂದಳು. ಬೆನ್ನ ಹಿಂದೆಯೇ ಗಂಡ. ಗೋಣಿಯಲ್ಲಿ ಬಾಳೆಲೆ, ಮೀನಿನ ಮುಳ್ಳು, ನೀರಿನ ಬಾಟ್ಲಿ, ಐಸ್‌ಕ್ರೀಮ್ ಕಪ್ಪು, ಎಲ್ಲ ಒಟ್ಟಿಗೆ. ಅವಳು ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು.

"ಇದನ್ನ್ ತಕಂಡ್ ಹೋಯ್ನಿ," ಅಂದಳು, ಗುರುತೇ ಇಲ್ಲದವರಿಗೆ ಹೇಳಿದ ಹಾಗೆ.

"ಬೇರೆ ಮಾಡಿ ಇಡಿ. ಬಪ್ಪ ವಾರ ಬತ್ತೆ," ಅಂದೆ.

ಒಂದೇ ಒಂದು ಸಲ ಅತ್ತೆ ಅಂದಿದ್ದರೆ, ಅಲ್ಲೇ ಅಂಗಳದಲ್ಲಿ ಕೂತು ಅಷ್ಟೂ ಎಂಜಲನ್ನು ಕೈಯಾರೆ ಬಿಡಿಸುತ್ತಿದ್ದೆ. ಅವಳು ಗೋಣಿಗಳನ್ನು ಒಳಗೆಳೆದುಕೊಂಡು ಗೇಟು ಹಾಕಿದಳು. ನಾನು ಗಾಡಿಯನ್ನು ಮುಂದಿನ ಮನೆಗೆ ಬಿಟ್ಟೆ.