ಗಾಜಿನ ಪೆಟ್ಟಿಗೆಯ ಕೂಸಿಗೆ ಎಡೆ

ನಮ್ಮ ಸೂಕ್ರೆ ನಗರದ ವಸ್ತುಸಂಗ್ರಹಾಲಯಕ್ಕೆ ಬರುವವರು ಮೊದಲು ಕೇಳುವುದು ಒಂದೇ: "ಹೆಣ ಎಲ್ಲಿದೆ?" ಸ್ಪೇನಿನ ದೊರೆಗಳ ಕಾಲದ ಮನೆ, ಸಾವಿರ ವರ್ಷದ ನೇಯ್ಗೆ, ಮಡಕೆ, ಏನೂ ಬೇಡ. ಟಿಕೆಟ್ ಹರಿದು ಕೊಡುವ ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಎರಡನೆಯ ಅಂಗಳದಾಚೆಯ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಮೊಣಕಾಲು ಎದೆಗೊತ್ತಿ ಕೂತಿರುವವಳು ಹನ್ನೆರಡು ಹದಿಮೂರರ ಹುಡುಗಿ. ಆರುನೂರು ವರ್ಷದ ಹಿಂದೆ ಸತ್ತು ಒಣಗಿದವಳು. ಫಲಕದ ಮೇಲೆ ಹೆಸರಿಲ್ಲ, ಒಂದು ಸಂಖ್ಯೆ ಇದೆ. ಅವಳನ್ನು "ಕೂಸು" ಎನ್ನುತ್ತಿದ್ದವಳು ಆ ಕೋಣೆಯ ಕಾವಲಿನ ಕಸಿಲ್ದಾ ಲಿಮಾಚಿ ಒಬ್ಬಳೇ.

ಕಸಿಲ್ದಾ ಪಿಲ್ಕೊಮಾಯೊ ನದಿಯ ದಂಡೆಯ ಹಳ್ಳಿಯವಳು. ಹದಿನಾರಕ್ಕೆ ಮದುವೆ, ಇಪ್ಪತ್ತೆಂಟಕ್ಕೆ ವಿಧವೆ. ಇದ್ದೊಬ್ಬ ಮಗಳು ಕುರಿ ದಾಟಿಸುವಾಗ ಪ್ರವಾಹದಲ್ಲಿ ಕೊಚ್ಚಿಹೋದಳು. ಹನ್ನೊಂದು ದಿನ ಹುಡುಕಿದರೂ ಮೈ ಸಿಗಲಿಲ್ಲ. ಗೋರಿ ಕೂಡ ಇಲ್ಲದ ಮೇಲೆ ಆ ಊರಲ್ಲಿ ಏನಿದೆಯೆಂದು ನಗರಕ್ಕೆ ಬಂದಳು. ಮೊದಲು ನೆಲ ಒರೆಸಿದಳು, ಆಮೇಲೆ ಕಾವಲಿನ ಕುರ್ಚಿ ಸಿಕ್ಕಿತು. ಇಷ್ಟು ನಮಗೆಲ್ಲ ಗೊತ್ತಿತ್ತು. ಅದರಾಚೆ ಅವಳಾಗಿ ಹೇಳಲಿಲ್ಲ, ನಾವೂ ಕೆದಕಲಿಲ್ಲ.

ನಮ್ಮಲ್ಲಿ ಸತ್ತವರು ನವೆಂಬರಿನ ಮೊದಲ ದಿನ ಮಧ್ಯಾಹ್ನ ಮನೆಗೆ ಬರುತ್ತಾರೆ, ಮರುದಿನ ಹನ್ನೆರಡಕ್ಕೆ ಹೊರಡುತ್ತಾರೆ. ಮೂರು ವರ್ಷ ಎಡೆ ಇಡಬೇಕು, ಮೂರನೆಯ ವರ್ಷ ಬೀಳ್ಕೊಟ್ಟುಬಿಡಬೇಕು. ಕಸಿಲ್ದಾ ಮಾತ್ರ ಆ ಗಾಜಿನ ಮುಂದೆ ಹದಿನೆಂಟು ವರ್ಷ ಎಡೆ ಇಟ್ಟಳು: ಕೂಸಿನಾಕಾರದ ಬ್ರೆಡ್ಡು, ಶೇಂಗಾ ಸಾರು, ಒಂದು ಲೋಟ ಚಿಚಾ ಎಂಬ ಮೆಕ್ಕೆಜೋಳದ ಹೆಂಡ. ಅಲ್ಲಿಗೆ ತಿನ್ನುವ ಪದಾರ್ಥ ತರಕೂಡದೆಂಬ ನಿಯಮವಿದೆ. ಆದರೆ ಅದು ರಜೆಯ ದಿನ, ಪಾಳಿಯಲ್ಲಿ ನಾವಿಬ್ಬರೇ. ನಾನು ಕಂಡೂ ಕಾಣದಂತೆ ಇರುತ್ತಿದ್ದೆ.

ಹತ್ತೊಂಬತ್ತನೆಯ ವರ್ಷ, ನಿವೃತ್ತಿಗೆ ಎರಡು ತಿಂಗಳಿರುವಾಗ, ನನ್ನ ಟಿಕೆಟ್ ಕಿಟಕಿಗೆ ಬಂದಳು.

"ಎವಾರಿಸ್ತೋ, ಮುಂದಿನ್ವರ್ಷದಿಂದ ಕೂಸಿಗೆ ನೀನು ಇಡ್ತೀಯೇನಪ್ಪಾ?"

"ನಂಗ್ಯಾಕಕ್ಕಾ ಈ ಉಸಾಬರಿ? ಡೈರೆಕ್ಟ್ರಮ್ಮ ಕಂಡ್ರೆ ನನ್ನನ್ನೂ ಪೆಟ್ಟಿಗೇಲಿ ಕೂರಿಸ್ತಾರೆ."

ಅವಳು ನಗಲಿಲ್ಲ. ನನಗೆ ಆಗಲೇ ನಾಚಿಕೆಯಾಯಿತು, ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಆ ನವೆಂಬರಿನ ಎರಡನೆಯ ದಿನ ಹನ್ನೊಂದೂವರೆಗೆ ಸ್ಮಶಾನದ ಬಾಗಿಲಿನಿಂದ ಸಿಲ್ವೆರಿಯೊ ತಾತನನ್ನು ಕರೆತಂದಳು. ಬ್ರೆಡ್ಡು ಕೊಟ್ಟವರ ಮನೆಯ ಸತ್ತವರಿಗೆಲ್ಲ ಪ್ರಾರ್ಥನೆ ಹೇಳುವ ಮುದುಕ ಅವನು. ಎಡೆ ನೋಡಿ ಕೇಳಿದ, "ಎಷ್ಟನೇ ವರ್ಷ?"

"ಹತ್ತೊಂಬತ್ತು."

"ಅಯ್ಯೋ ನಿನ್ನ! ಮೂರಕ್ಕೆ ಕಳಿಸ್ಬೇಕಾದೋಳ್ನ ಹತ್ತೊಂಬತ್ತು ವರ್ಷ ಕಟ್ಟಾಕಿದೀಯಾ? ಉಣ್ಣೋಕೆ ಕರೀತಾನೇ ಇದ್ರೆ ಪಾಪ, ಅದು ಹೋಗೋದೆಲ್ಲಿಗೆ?"

ಕಸಿಲ್ದಾ ಗಾಜಿನ ಮುಂದೆ ನೆಲದ ಮೇಲೆ ಕೂತಳು.

"ಗೊತ್ತು ತಾತ. ಮೂರನೇ ವರ್ಷಾನೇ ಗೊತ್ತಿತ್ತು. ನಾನಿಲ್ಲಿ ಯಾರದೋ ಕೂಸಿಗೆ ಉಣ್ಣೋಕಿಟ್ರೆ, ನದಿ ಕೆಳಗಡೆ ಎಲ್ಲೋ ಯಾವ್ದೋ ತಾಯಿ ನನ್ನ ಕೂಸಿಗೂ ಇಡ್ತಾಳೆ ಅಂದ್ಕೊಂಡೆ. ಇವಳನ್ನ ಕಳಿಸ್ಬಿಟ್ರೆ ನನ್ನವಳಿಗ್ಯಾರು?"

ಮುದುಕ ಟೋಪಿ ತೆಗೆದು ನಿಧಾನಕ್ಕೆ ಮೊಣಕಾಲೂರಿದ.

"ಅವಳೂ ಕಾದು ಕಾದು ಸುಸ್ತಾಗಿರ್ತಾಳಮ್ಮ. ಇಬ್ರನ್ನೂ ಒಟ್ಟಿಗೆ ಕಳಿಸೋಣ, ಒಬ್ರಿಗೊಬ್ರು ಜೊತೆಯಾಗ್ತಾರೆ. ಹೆಸರು ಹೇಳು."

ಹೆಸರಿಲ್ಲದೆ ಪ್ರಾರ್ಥನೆ ತಲುಪುವುದಿಲ್ಲ. ಅವಳು ಫಲಕದ ಸಂಖ್ಯೆಯನ್ನೇ ನೋಡುತ್ತಾ ಕೂತಳು. ಹನ್ನೆರಡಕ್ಕೆ ಇನ್ನು ಕೆಲವೇ ನಿಮಿಷವಿತ್ತು. ನನಗೆ ತಡೆಯಲಾಗಲಿಲ್ಲ, ಬಾಗಿಲಲ್ಲಿ ನಿಂತಿದ್ದವನು ಒಳಗೆ ಹೋಗಿ ಅವಳ ಪಕ್ಕ ಮೊಣಕಾಲೂರಿದೆ.

"ಹೇಳಕ್ಕಾ," ಎಂದೆ.

"ಬೆನಿತಾ. ಇಬ್ರಿಗೂ ಅದೇ ಹೆಸರು ಹೇಳಿ."

ಸಿಲ್ವೆರಿಯೊ ಹೇಳಿದ, ನಾನೂ ಹೇಳಿದೆ. ಹತ್ತೊಂಬತ್ತು ವರ್ಷ ಜೊತೆಯಲ್ಲಿ ಕೆಲಸ ಮಾಡಿಯೂ ಆ ಹೆಸರನ್ನು ನಾನು ಕೇಳಿರಲಿಲ್ಲ, ಕೇಳಬೇಕೆಂದೂ ಅನ್ನಿಸಿರಲಿಲ್ಲ. ದೊಡ್ಡ ಚರ್ಚಿನ ಗಂಟೆ ಹನ್ನೆರಡು ಹೊಡೆದ ಮೇಲೆ ಕಸಿಲ್ದಾ ಬ್ರೆಡ್ಡು ಮುರಿದು ನಮ್ಮಿಬ್ಬರ ಕೈಗಿಟ್ಟಳು. ಆಮೇಲೆ ಗಾಜಿನ ಹತ್ತಿರ ಬಗ್ಗಿದಳು.

"ಇನ್ಮೇಲೆ ನೀವಿಬ್ರೂ ಬರ್ಬೇಡಿ ಕಂದಗಳಾ," ಎಂದಳು. "ಅಮ್ಮನೇ ನಿಮ್ಮತ್ರ ಬರ್ತಾಳೆ."